ಎರಡನೇ ಲೈನು ಯಾವ ದಾರಿಯಿಂದ ಬಂತು

ಗದಗಿನ ಹತ್ತಿ ಪೇಟೆಯಲ್ಲಿ ಒಂದು ಕಾಲಕ್ಕೆ ದರ ಕುದುರುತ್ತಿದ್ದದ್ದು ವಸ್ತ್ರದ ಕೆಳಗೆ. ಖರೀದಿದಾರನೂ ದಲಾಲನೂ ಎದುರುಬದುರು ನಿಂತು, ಕೈಗಳ ಮೇಲೆ ಟವೆಲ್ ಹೊದಿಸಿಕೊಂಡು, ಒಳಗೆ ಬೆರಳು ಹಿಡಿದು ಅಂಕಿ ಹೇಳುತ್ತಿದ್ದರು. ಯಾವ ಬೆರಳಿಗೆ ಎಷ್ಟು, ಎಲ್ಲಿ ಒತ್ತಿದರೆ ಏನು ಎಂಬುದು ಅವರಿಬ್ಬರಿಗೇ ಗೊತ್ತು. ರೈತ, ಹಮಾಲ, ಪಕ್ಕದ ಅಂಗಡಿಯವನು ಎಲ್ಲರೂ ಸುತ್ತ ನಿಂತಿದ್ದರೂ ಅವರಿಗೆ ಮುಖಗಳಷ್ಟೇ ಕಾಣುತ್ತಿದ್ದವು. ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ಹಿರಿಯರಿಂದ ಇದನ್ನು ಕಲಿತಿದ್ದರು, ನನ್ನ ಕೈ ಹಿಡಿದು ಮಾಡಿ ತೋರಿಸಿದ್ದರು. 1927ರ ಮುಂಬಯಿ ಹತ್ತಿ ಮಾರುಕಟ್ಟೆ ಕಾಯಿದೆ, 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂದ ಮೇಲೆ ಈ ಪದ್ಧತಿ ಹಿಂದೆ ಸರಿಯಿತು. ಸರಿದದ್ದು ಒಳ್ಳೆಯದೇ ಆಯಿತು. ಆ ವಸ್ತ್ರದ ಹೊರಗೆ ಯಾವಾಗಲೂ ನಿಂತಿರುತ್ತಿದ್ದವನು ರೈತ.

ನಾನು ಮಾಡುವ ಕೆಲಸ ರೂಟರ್ ಕೂರಿಸುವುದು. ಗದಗಿನಲ್ಲಿ ದೊಡ್ಡ ಅಂಗಡಿ, ಲಕ್ಷ್ಮೇಶ್ವರದಲ್ಲಿ ಶಾಖೆ, ಶಿರಹಟ್ಟಿಯಲ್ಲಿ ಗೋದಾಮು, ಮುಂಡರಗಿಯಲ್ಲಿ ಬೀಜ–ಗೊಬ್ಬರದ ಮಳಿಗೆ ಇರುವ ಸಾಹುಕಾರರು ಬಂದು, ನಾಲ್ಕೂ ಕಡೆಯ ಲೆಕ್ಕ ಒಂದೇ ಕಂಪ್ಯೂಟರಿಗೆ ಬೀಳಬೇಕು ಅನ್ನುತ್ತಾರೆ. ಎಲ್ಲರೂ ಓಡಾಡುವ ಇಂಟರ್‌ನೆಟ್ಟಿನ ಮೇಲೆಯೇ ಅವರೊಬ್ಬರಿಗೆ ಬೀಗ ಹಾಕಿದ ದಾರಿಯೊಂದನ್ನು ಮಾಡಿಕೊಡಬೇಕು. ಅದು ವಿಪಿಎನ್. ಆ ದಾರಿ ಕಡಿದುಬೀಳದಂತೆ ಇನ್ನೊಂದು ಇಂಟರ್‌ನೆಟ್ ಸಂಪರ್ಕವನ್ನೂ ಅದೇ ರೂಟರಿಗೆ ಸಿಕ್ಕಿಸಬೇಕು. ಅದು ಬ್ಯಾಕಪ್. ಇಷ್ಟು ವರ್ಷ ಈ ನಾಲ್ಕು ಊರುಗಳ ನಡುವೆ ಅಡ್ಡಾಡಿದ ಮೇಲೆ ನನಗೆ ಒಂದು ಮಾತು ಖಾತ್ರಿಯಾಗಿದೆ: ಗುಟ್ಟು ಕಾಯುವ ವಿದ್ಯೆ ನಮ್ಮ ಭಾಗಕ್ಕೆ ಬಹಳ ಹಳೆಯದು, ಎರಡನೇ ದಾರಿ ಮಾತ್ರ ಊರು ನೋಡಿ ಬಂದಿದೆ. ಗದಗಿಗೆ ಅದು 1884ರಿಂದಲೇ ಇದೆ. ಉಳಿದ ಮೂರು ಊರು ಇವತ್ತಿಗೂ ಅದಕ್ಕಾಗಿ ಕಾಯುತ್ತಿವೆ.

ತಂತಿಗೂ ಮೊದಲಿನದು ಹುಂಡಿ. ದೂರದ ಪೇಟೆಗೆ ರೊಕ್ಕ ಕಳಿಸಲು ವ್ಯಾಪಾರಸ್ಥರು ಬರೆಯುತ್ತಿದ್ದ ಈ ಚೀಟಿ ದಾರಿಯಲ್ಲಿ ಕಳೆದುಹೋಗುವುದು ಮಾಮೂಲು. ಹಾಗಾದಾಗ ಪೇಠ್ ಎಂಬ ಎರಡನೇ ಪ್ರತಿ ಹೋಗುತ್ತಿತ್ತು. ಅದೂ ಕಳೆದರೆ ಪರಪೇಠ್ ಎಂಬ ಮೂರನೆಯದು. ಮೂರರಲ್ಲಿ ಒಂದಕ್ಕೆ ರೊಕ್ಕ ಸಂದಿತೆಂದರೆ ಉಳಿದೆರಡು ಬರೀ ಕಾಗದ. ಮೊದಲನೆಯದು ಸಂದರೆ ಎರಡನೆಯದು ಸುಮ್ಮನಿರಬೇಕು, ಮೊದಲನೆಯದು ಬಾರದಿದ್ದರೆ ಎರಡನೆಯದು ಎದ್ದು ನಿಲ್ಲಬೇಕು. ಇಂದು ರೂಟರಿನಲ್ಲಿ ನಾನು ಬರೆಯುವ ನಿಯಮದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ.

1855ರಲ್ಲಿ ಭಾರತದ ತಂತಿ ಸೇವೆ ಸಾರ್ವಜನಿಕರಿಗೆ ತೆರೆಯಿತು. ಆಮೇಲೆ ಗುಟ್ಟಿನ ಕಷ್ಟ ಬೇರೆ ರೂಪ ತಾಳಿತು. ತಾರು ಬರೆದುಕೊಡುವಾಗ ಒಬ್ಬ ಗುಮಾಸ್ತ ಓದುತ್ತಾನೆ, ಬಡಿಯುವಾಗ ಇನ್ನೊಬ್ಬ, ಆ ಕಡೆ ಇಳಿಸಿಕೊಳ್ಳುವಾಗ ಮತ್ತೊಬ್ಬ. ಹತ್ತಿಯ ದರ ಇಷ್ಟು ಬಾಯಿ ದಾಟಿದರೆ ಗುಟ್ಟು ಉಳಿಯುವುದಿಲ್ಲ. ಹಾಗಾಗಿ ಹತ್ತಿ ಕಂಪನಿಗಳು ಕೋಡ್ ಪುಸ್ತಕ ಇಟ್ಟುಕೊಂಡವು. 1906ರಲ್ಲಿ ಬಂದ ಬೆಂಟ್ಲಿಯ ಕೋಡ್ ಪುಸ್ತಕದಲ್ಲಿ ಐದೈದು ಅಕ್ಷರದ ಅರ್ಥವಿಲ್ಲದ ಪದಗಳು. ಒಂದೊಂದು ಪದ ಒಂದು ಇಡೀ ವಾಕ್ಯದ ಜಾಗದಲ್ಲಿ ನಿಲ್ಲುತ್ತದೆ. ಪದಕ್ಕಿಷ್ಟು ಎಂದು ದರ ಕೊಡಬೇಕಾಗಿದ್ದ ಕಾಲದಲ್ಲಿ ಇದರಿಂದ ರೊಕ್ಕವೂ ಉಳಿಯುತ್ತಿತ್ತು, ಮಾತೂ ಮುಚ್ಚಿರುತ್ತಿತ್ತು. ದೊಡ್ಡ ಕಂಪನಿಗಳು ತಮ್ಮದೇ ಖಾಸಗಿ ಪುಸ್ತಕ ಅಚ್ಚು ಹಾಕಿಸುತ್ತಿದ್ದವು. ತಂತಿ ಸರ್ಕಾರದ್ದು, ಅದರ ಮೇಲೆ ಹರಿದ ಮಾತು ಕಂಪನಿಯದು. ವಿಪಿಎನ್ ಮಾಡುವುದೂ ಇದನ್ನೇ. ಪುಸ್ತಕದ ಜಾಗದಲ್ಲಿ ಗಣಿತ ಬಂದಿದೆ, ಅಷ್ಟೇ.

ಇನ್ನು ಊರುಗಳ ಮಾತು. ಇವತ್ತು ಒಂದೇ ಜಿಲ್ಲೆಯಲ್ಲಿರುವ ಈ ನಾಲ್ಕು ಊರು 1948ಕ್ಕೆ ಮೊದಲು ಒಂದೇ ಸರ್ಕಾರದ ಕೆಳಗೆ ಇರಲಿಲ್ಲ. ಗದಗ, ಮುಂಡರಗಿ ಬ್ರಿಟಿಷರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಣಕ್ಕೆ ಹೋದರೆ ನಿಜಾಮರ ಕೊಪ್ಪಳ ಸೀಮೆ, ತೆಂಕಣಕ್ಕೆ ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತದ ಹಡಗಲಿ. ಒಬ್ಬ ರೈತ ಚಕ್ಕಡಿಯಲ್ಲಿ ಹತ್ತಿ ಹೇರಿಕೊಂಡು ಲಕ್ಷ್ಮೇಶ್ವರದಿಂದ ಗದಗಿನ ಪೇಟೆಗೆ ಬಂದರೆ ಸಂಸ್ಥಾನದ ಗಡಿ ದಾಟಿ ಬಂದ ಹಾಗೆ.

ರೈಲು ಬಂದದ್ದು ಗದಗಿಗೆ. ಬರಗಾಲದಲ್ಲಿ ಕಾಳು ಸಾಗಿಸಲೆಂದು ಯೋಚಿಸಿದ ಹೊಟಗಿ–ಗದಗ ಮೀಟರ್ ಗೇಜ್ ಹಾದಿಯನ್ನು ಸದರ್ನ್ ಮರಾಠಾ ರೈಲ್ವೆ 1884ರಲ್ಲಿ ತೆರೆಯಿತು. ಹುಬ್ಬಳ್ಳಿ ಕಡೆಗೊಂದು, ಹೊಸಪೇಟೆ–ಬಳ್ಳಾರಿ ಕಡೆಗೊಂದು, ವಿಜಯಪುರ–ಹೊಟಗಿ ಕಡೆಗೊಂದು ಹೀಗೆ ಮೂರು ದಿಕ್ಕಿನ ಹಳಿ ಕೂಡುವ ಜಂಕ್ಷನ್ ಆಯಿತು ಗದಗ. ಹಳಿಯ ಗುಂಟ ರೈಲ್ವೆಯ ಸ್ವಂತ ತಂತಿ ಕಂಬಗಳಿದ್ದವು, ಸ್ಟೇಶನ್ನುಗಳಲ್ಲಿ ಸಾರ್ವಜನಿಕರ ತಾರನ್ನೂ ತೆಗೆದುಕೊಳ್ಳುತ್ತಿದ್ದರು. ಅಂದರೆ ಅಂಚೆ ಇಲಾಖೆಯ ತಂತಿ ಒಂದು, ರೈಲ್ವೆಯ ತಂತಿ ಇನ್ನೊಂದು. ಒಂದು ಕಡೆ ಕಂಬ ಬಿದ್ದರೆ ಇನ್ನೊಂದು ಇರುತ್ತಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಹಳಿ ಬರಲಿಲ್ಲ. ಇಂದಿಗೂ ಬಂದಿಲ್ಲ. ಅವು ರಸ್ತೆಯನ್ನೇ ನಂಬಿದ ಊರುಗಳಾಗಿ ಉಳಿದವು, ರಸ್ತೆಯ ಬದಿಯ ಒಂದು ಸಾಲು ಕಂಬವೇ ಅವುಗಳ ಪಾಲಿಗೆ ಹೊರಲೋಕ.

ಸುದ್ದಿ ಬೇಗ ಸಿಕ್ಕ ಊರಿನವನಿಗೂ ತಡವಾಗಿ ಸಿಕ್ಕ ಊರಿನವನಿಗೂ ನಡುವೆ ಎಷ್ಟು ಅಂತರವಿತ್ತು ಎಂಬುದನ್ನು ತಿಳಿಯಬೇಕಾದರೆ ಸಹಕಾರ ಚಳವಳಿಯ ಇತಿಹಾಸ ನೋಡಬೇಕು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದರು. ಗದಗಿನಲ್ಲಿ 1917ರಲ್ಲಿ ಹತ್ತಿ ಮಾರಾಟದ ಸಹಕಾರ ಸಂಘ ಹುಟ್ಟಿತು. ಸಾಲ ಸಿಕ್ಕರೆ ಸಾಲದು, ಬೆಳೆದದ್ದನ್ನು ಮಾರುವಾಗ ರೈತರು ಕೂಡಿ ಮಾರಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಮುಂಬಯಿಯ ದರ ಒಬ್ಬನ ಕಿಸೆಯ ತಾರಿನಲ್ಲಿ ಇರುವಾಗ ಹಳ್ಳಿಯಿಂದ ಚಕ್ಕಡಿ ಹೊಡೆದುಕೊಂಡು ಬಂದವನು ಒಬ್ಬೊಬ್ಬನಾಗಿ ಏನು ಚೌಕಾಸಿ ಮಾಡಿಯಾನು? ಸಂಪರ್ಕದ ಇತಿಹಾಸ ಬರೆಯುವವರು ಈ ಸಂಘಗಳನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಟೆಲಿಫೋನಿನ ಕಾಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಟ್ರಂಕ್ ಕಾಲ್ ಬುಕ್ ಮಾಡಿ, ಎಕ್ಸ್‌ಚೇಂಜಿನವರು ತಿರುಗಿ ಕರೆಯುವವರೆಗೆ ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಕಾಯುವ ವ್ಯಾಪಾರಸ್ಥರು ಆಗ ಎಲ್ಲ ಪೇಟೆಯಲ್ಲೂ ಇದ್ದರು. ಇದು ಬದಲಾದದ್ದು ನಮ್ಮ ಪಕ್ಕದಲ್ಲೇ. ಸ್ಯಾಮ್ ಪಿತ್ರೋಡಾ ಅವರ ಜೊತೆ ಗುರುತಿಸುವ ಸಿ–ಡಾಟ್ ಸಂಸ್ಥೆ 1984ರಲ್ಲಿ ಶುರುವಾಯಿತು. ಅದು ತಯಾರಿಸಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ಮೊದಲು ಕೂತದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ವಿದೇಶಿ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಇದಕ್ಕೆ ಬೇಡ. ನಮ್ಮ ಧೂಳು, ನಮ್ಮ ಬಿಸಿಲು, ನಮ್ಮ ಕರೆಂಟು ಇವೆಲ್ಲಾ ಲೆಕ್ಕಕ್ಕೆ ಹಿಡಿದು ಮಾಡಿದ 128 ಲೈನಿನ ಪೆಟ್ಟಿಗೆ ಅದು. ಇಂದು ರೂಟರ್ ಕೊಳ್ಳುವವರಿಗೆ ನಾನು ಇದೇ ಮಾತು ಹೇಳುತ್ತೇನೆ. ಬಾಕ್ಸಿನ ಮೇಲೆ ಬರೆದ ವೇಗ ನೋಡಬೇಡಿರಿ, ತಗಡಿನ ಶೀಟಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಹೇಗೆ ನಡೆಯುತ್ತದೆ ಅದನ್ನು ನೋಡಿರಿ.

ಎಸ್‌ಟಿಡಿ ಬೂತುಗಳ ಹಳದಿ ಬೋರ್ಡು ಬಂದ ಮೇಲೆ ಗದಗಿನ 08372, ಲಕ್ಷ್ಮೇಶ್ವರ–ಶಿರಹಟ್ಟಿಯ 08487 ಎಲ್ಲರ ಬಾಯಿಪಾಠವಾದವು. ಬೂತಿನ ಗಾಜಿನ ಗೂಡಿನಲ್ಲಿ ನಿಂತು ಮಾತಾಡುವ ವ್ಯಾಪಾರಸ್ಥ ದರವನ್ನು ಅಂಕಿಯಲ್ಲಿ ಹೇಳುತ್ತಿರಲಿಲ್ಲ. ಮನೆಮಾತಿನಲ್ಲೋ ಅಂಗಡಿಯ ಒಳಗುಟ್ಟಿನ ಅಕ್ಷರಗಳಲ್ಲೋ ಹೇಳುತ್ತಿದ್ದ. ಸೀರೆ ಅಂಗಡಿಯವರು ಚೀಟಿಯ ಮೇಲೆ ಖರೀದಿ ದರವನ್ನು ಅಕ್ಷರದಲ್ಲಿ ಬರೆಯುವ ಪದ್ಧತಿ ಇದೆಯಲ್ಲ, ಹಾಗೆ. ಬೆಟಗೇರಿಯ ನೇಕಾರರ ಮನೆಯಿಂದ ಸೀರೆ ಎತ್ತುವವರೂ ಅದನ್ನು ಬಲ್ಲರು.

ಗದಗ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಕಂಪ್ಯೂಟರು ಬಂದವು. 2001ರ ಹೊತ್ತಿಗೆ ಭೂಮಿ ಯೋಜನೆ ರಾಜ್ಯದ 177 ತಾಲ್ಲೂಕುಗಳ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ರೈತನಿಗೆ ಕಾಣುವ ಹಾಗೆ ಕಿಟಕಿಯ ಕಡೆ ಮುಖ ಮಾಡಿದ ಇನ್ನೊಂದು ಪರದೆ ಇಟ್ಟಿದ್ದರು. ವಸ್ತ್ರದ ಕೆಳಗಿನ ದರ ನೋಡಲಾಗದೆ ನಿಂತಿದ್ದವನ ಮೊಮ್ಮಗ ತನ್ನ ಹೊಲದ ಲೆಕ್ಕವನ್ನು ಪರದೆಯ ಮೇಲೆ ನೋಡುವಂತಾಯಿತು. ಆ ವ್ಯವಸ್ಥೆಯ ಬಗ್ಗೆ ಏನೇ ದೂರಿದ್ದರೂ ಆ ಎರಡನೇ ಪರದೆಗೆ ನಾನು ಕೈ ಮುಗಿಯುತ್ತೇನೆ. ಮೊದಮೊದಲು ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಕಂಪ್ಯೂಟರಿನಲ್ಲೇ ಇತ್ತು. ಆಮೇಲೆ ಎಲ್ಲವನ್ನೂ ಬೆಂಗಳೂರಿಗೆ ಜೋಡಿಸಿದರು. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುವ ಕೆಸ್ವಾನ್ ಜಾಲ ಬಂತು. ಬ್ಯಾಂಕುಗಳು 64 ಕೆಬಿಪಿಎಸ್ ಲೀಸ್ಡ್ ಲೈನ್ ಎಳೆಸಿಕೊಂಡು, ಅದು ಬಿದ್ದರೆ ಎತ್ತಿಕೊಳ್ಳಲು ಐಎಸ್‌ಡಿಎನ್ ಲೈನು ಇಟ್ಟುಕೊಳ್ಳುತ್ತಿದ್ದವು. ಹಳ್ಳಿಯ ಶಾಖೆಗಳ ಮಾಳಿಗೆಯ ಮೇಲೆ ವಿಸ್ಯಾಟ್ ತಟ್ಟೆಗಳು ಎದ್ದವು. ಎರಡನೇ ದಾರಿ ಎಂಬುದು ಆ ದಿನಗಳಲ್ಲಿ ಸರ್ಕಾರಕ್ಕೂ ಬ್ಯಾಂಕಿಗೂ ಮಾತ್ರ ಎಟುಕುವ ವಸ್ತು.

ಅದು ಅಂಗಡಿಕಾರನ ಕೈಗೆ ಬಂದ ಕಥೆ 2005ರಿಂದ ಶುರು. ಆ ವರ್ಷ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಟೆಲಿಫೋನ್ ತಂತಿಯಲ್ಲೇ ಇಂಟರ್‌ನೆಟ್ಟು ಬಂತು. ಗದಗಿನ ಅಂಗಡಿಯ ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಲಕ್ಷ್ಮೇಶ್ವರದ ಬಿಲ್ಲು ಬೀಳಬೇಕು ಎಂಬ ಆಸೆ ಹುಟ್ಟಿದ್ದು ಆಗಲೇ. ಅಲ್ಲಿಯವರೆಗೆ ಶಾಖೆಯ ಹುಡುಗ ಸಂಜೆಯ ಬಸ್ಸಿಗೆ ಪೆನ್‌ಡ್ರೈವ್ ಕೊಟ್ಟು ಕಳಿಸುತ್ತಿದ್ದ, ಇಲ್ಲವೆ ಫೋನಿನಲ್ಲಿ ಒಂದೊಂದೇ ಅಂಕಿ ಓದಿ ಬರೆಸುತ್ತಿದ್ದ.

ಲೋಕದ ಆಚೆ ಕಡೆ ಆ ಹೊತ್ತಿಗೆ ಇದಕ್ಕೆ ಬೇಕಾದ ಸಲಕರಣೆ ತಯಾರಾಗಿತ್ತು. ಮೈಕ್ರೋಸಾಫ್ಟಿನಲ್ಲಿದ್ದ ಗುರ್‌ದೀಪ್ ಸಿಂಗ್ ಪಾಲ್ ಮತ್ತು ಜೊತೆಗಾರರು 1996ರಲ್ಲಿ ಪಿಪಿಟಿಪಿ ಎಂಬ ಪದ್ಧತಿ ರೂಪಿಸಿದ್ದರು. ವಿಂಡೋಸ್ ಇದ್ದಲ್ಲೆಲ್ಲ ಅದು ಸಿಗುತ್ತಿತ್ತು, ನಮ್ಮಂಥವರು ಮೊದಲು ಕಲಿತದ್ದೂ ಅದನ್ನೇ. ಅದರ ಬೀಗ ಸಡಿಲವೆಂದು ಆಮೇಲೆ ಗೊತ್ತಾಯಿತು, ಈಗ ಯಾರೂ ಅದನ್ನು ಬಳಸಬಾರದು. 2001ರಲ್ಲಿ ಜೇಮ್ಸ್ ಯೋನಾನ್ ಎಂಬುವರು ಓಪನ್‌ವಿಪಿಎನ್ ಹೊರತಂದರು. ಮಧ್ಯ ಏಷ್ಯಾದಲ್ಲಿ ಸುತ್ತಾಡುತ್ತ ತಮ್ಮ ಕಚೇರಿಗೆ ಸಂಪರ್ಕ ಸಾಧಿಸಬೇಕಾಗಿ ಬಂದಾಗ, ತಮ್ಮ ಮಾತು ನಂಬಲಾಗದ ದೇಶಗಳ ಕೇಬಲ್ಲಿನಲ್ಲಿ ಹಾದುಹೋಗುತ್ತಿದೆ ಎಂದು ಕಂಡು ಅವರು ಅದನ್ನು ಬರೆದರು. ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ 2020ರ ಮಾರ್ಚಿನಲ್ಲಿ ಲಿನಕ್ಸಿನ 5.6ನೇ ಕರ್ನೆಲ್ಲಿಗೆ ಸೇರಿತು. ನಾನೀಗ ಹೆಚ್ಚಾಗಿ ಕಟ್ಟುವುದು ಅದನ್ನೇ, ಲಾತ್ವಿಯಾ ದೇಶದ ಮೈಕ್ರೋಟಿಕ್ ರೂಟರುಗಳ ಮೇಲೆ. ಊರಿನ ಕೇಬಲ್ ಟಿವಿಯವರು ಇಂಟರ್‌ನೆಟ್ ಮಾರಲು ಇಳಿದಾಗ ತಂದದ್ದು ಅವೇ ರೂಟರುಗಳು. ಅವರ ಕಂಟ್ರೋಲ್ ರೂಮುಗಳಲ್ಲಿ ನಿಂತು ನೋಡಿ ನಾವು ಹಲವರು ಕೆಲಸ ಕಲಿತೆವು.

ಆಸೆಯಾಗಿದ್ದದ್ದು ಅಗತ್ಯವಾದದ್ದು ತೆರಿಗೆಯಿಂದ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಣೆಗೂ ಇ–ವೇ ಬಿಲ್ ಶುರುಮಾಡಿದ ಮೊದಲ ರಾಜ್ಯ ಕರ್ನಾಟಕ. 50,000 ರೂಪಾಯಿ ಮೀರಿದ ಮಾಲು ಹೇರಿದ ಲಾರಿ ಆ ಬಿಲ್ಲಿಲ್ಲದೆ ಅಲುಗಾಡುವ ಹಾಗಿಲ್ಲ. ಎಪಿಎಂಸಿಗಳಲ್ಲಿಯೂ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಬರತೊಡಗಿತ್ತು, ಟೆಂಡರ್ ಚೀಟಿಯ ಜಾಗದಲ್ಲಿ ಕಂಪ್ಯೂಟರು ದರ ಕೂಗುವಂತಾಗಿತ್ತು. ಶೇಂಗಾ, ಒಣ ಮೆಣಸಿನಕಾಯಿ, ಹೆಸರು, ಹತ್ತಿ ಇವೆಲ್ಲ ಇಂಟರ್‌ನೆಟ್ ಇದ್ದರೆ ಮಾತ್ರ ಗೇಟು ದಾಟುವ ಮಾಲಾದವು. “ನೆಟ್ ಹೋಗೇತ್ರಿ, ಗಾಡಿ ನಿಂತೇತಿ, ಡ್ರೈವರ್ ಬೈಲಿಕ್ಕತ್ಯಾನ, ಲಗೂನ ಬರ್ರಿ” ಎಂದು ಸಾಹುಕಾರರು ಕರೆಯತೊಡಗಿದ್ದು ಆವಾಗಿನಿಂದ. ಒಂದೇ ಲೈನು ಸಾಕು ಅನ್ನುತ್ತಿದ್ದವರೆಲ್ಲ ಎರಡನೆಯದನ್ನು ಕೇಳಿದರು.

2016ರ ಸೆಪ್ಟೆಂಬರಿನಲ್ಲಿ ಜಿಯೋ 4ಜಿ ಬಂದ ಮೇಲೆ ಎರಡನೆಯದು ಸಲೀಸಾಗಿ ಸಿಕ್ಕಿತು ಅನ್ನಿಸಿತು. ಒಂದು ಸಿಮ್ಮು, ಒಂದು ಡಾಂಗಲ್, ಮುಗಿಯಿತು. ಆದರೆ 4ಜಿಯಲ್ಲಿ ಒಂದು ತೊಡಕಿದೆ. ಅದರಲ್ಲಿ ಸಾವಿರಾರು ಮೊಬೈಲುಗಳು ಕಂಪನಿಯ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುತ್ತವೆ. ಆ ವಿಳಾಸದ ಹಿಂದೆ ಇರುವ ರೂಟರು ಹೊರಗಿನವರನ್ನು ಕರೆಯಬಲ್ಲದು, ಹೊರಗಿನವರು ಅದನ್ನು ಹೆಸರು ಹಿಡಿದು ಕರೆಯಲಾರರು. ಗದಗಿನ ಫೈಬರಿಗೆ ಸ್ಥಿರ ವಿಳಾಸ ಕೊಂಡರೆ ಶಾಖೆಗಳು ಗದಗನ್ನು ಕರೆಯುತ್ತವೆ, ಸರಿ. ಗದಗಿನ ಫೈಬರೇ ಬಿದ್ದು ಅಲ್ಲಿಯೂ 4ಜಿ ಮೇಲೆ ನಿಂತ ಹೊತ್ತಿನಲ್ಲಿ ಯಾರೂ ಯಾರನ್ನೂ ಕಾಣಲಾರರು. ಬ್ಯಾಕಪ್ ಇದೆ, ದೀಪ ಹಸಿರಿದೆ, ಟ್ಯಾಲಿ ತೆರೆಯುವುದಿಲ್ಲ. ಇದಕ್ಕೆ ನಾವು ಕಂಡುಕೊಂಡ ಪರಿಹಾರ ಮುಂಬಯಿ. ಅಲ್ಲಿ 2016ರಲ್ಲಿ ಅಮೆಜಾನಿನ ಕ್ಲೌಡ್ ಕೇಂದ್ರ ತೆರೆಯಿತು. ಅಂಥ ಕಡೆ ಸಣ್ಣದೊಂದು ಸರ್ವರು ಬಾಡಿಗೆಗೆ ಹಿಡಿದು, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಾಲ್ಕೂ ಕಡೆಯ ರೂಟರು ಅದನ್ನೇ ಕರೆಯುವಂತೆ ಮಾಡುತ್ತೇವೆ. ಲಕ್ಷ್ಮೇಶ್ವರದ ಬಿಲ್ಲು ಮುಂಬಯಿಗೆ ಹೋಗಿ ಗದಗಿಗೆ ಬರುತ್ತದೆ. ನೂರು ವರ್ಷದ ಹಿಂದೆ ನಮ್ಮ ಹತ್ತಿಯ ದರವೂ ಅಲ್ಲಿಂದಲೇ ತಂತಿಯಲ್ಲಿ ಬರುತ್ತಿತ್ತು.

ಇನ್ನು ರೂಟರಿನೊಳಗಿನ ಮಾತು. ಇದರಲ್ಲಿ ಕಣ್ಣಿಗೆ ಕಾಣದ ಜಾಗಗಳೇ ಹೆಚ್ಚು. ಫೈಬರಿನ ಬಾಕ್ಸಿನಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿದರೆ ಲೈನು ಕಡಿದಿದೆ ಎಂದು ಯಾರಿಗೂ ತಿಳಿಯುತ್ತದೆ. ಕೆಂಪು ದೀಪ ಹತ್ತದೆ, ಎಲ್ಲ ಹಸಿರಾಗಿದ್ದು, ಹುಬ್ಬಳ್ಳಿಯ ಆಚೆ ಎಲ್ಲೋ ಕಡಿದಿದ್ದರೆ? ರೂಟರು ತನ್ನ ಪಕ್ಕದ ಬಾಕ್ಸನ್ನು ಮಾತ್ರ ಕೇಳಿ ಸುಮ್ಮನಾದರೆ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಅದಕ್ಕೆಂದೇ ದೂರದ ಎರಡು ವಿಳಾಸಗಳನ್ನು ಮೊದಲ ಲೈನಿನ ಮೂಲಕವೇ ಕೆಲವು ಸೆಕೆಂಡಿಗೊಮ್ಮೆ ತಟ್ಟುತ್ತಿರುವಂತೆ ಬರೆಯಬೇಕು. ಎರಡೂ ಓಗೊಡದಿದ್ದರೆ ಮಾತ್ರ 4ಜಿಗೆ ಹೊರಳಬೇಕು. ಹೊರಳುವುದು ಸುಲಭ. ಮರಳುವುದು ಕಷ್ಟ. ವೈರ್‌ಗಾರ್ಡ್ ಸಂಪರ್ಕ ಜೀವಂತವಿರಲಿ ಎಂದು 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳಿಸುವಂತೆ ಇಟ್ಟಿರುತ್ತೇವೆ. ರೂಟರು ಆ ಪ್ಯಾಕೆಟ್ಟುಗಳನ್ನು 4ಜಿ ದಾರಿಯ ಹಳೆಯ ಖಾತೆಯಲ್ಲೇ ಜಮಾ ಮಾಡುತ್ತಾ ಹೋಗುತ್ತದೆ. ಫೈಬರು ತಿರುಗಿ ಬಂದರೂ ಆ ಖಾತೆ ಮುಚ್ಚುವುದಿಲ್ಲ, ಯಾಕೆಂದರೆ 25 ಸೆಕೆಂಡಿಗೊಮ್ಮೆ ಅದು ಹೊಸದಾಗುತ್ತಿರುತ್ತದೆ. ಸಿಮ್ಮಿನ ದಿನದ ಡೇಟಾ ಸದ್ದಿಲ್ಲದೆ ಖರ್ಚಾಗಿ, ಮಧ್ಯಾಹ್ನಕ್ಕೆ ಎಲ್ಲ ನಿಧಾನವಾಗಿ, ಅಂಗಡಿಯವರು ಫೈಬರನ್ನು ಬೈಯುತ್ತಾರೆ. ಫೈಬರು ಮರಳಿದ ಕೂಡಲೇ ಆ ಹಳೆಯ ಖಾತೆಯನ್ನು ಅಳಿಸುವ ಎರಡು ಸಾಲು ಬರೆದಿಟ್ಟರೆ ಈ ರೋಗ ಹೋಗುತ್ತದೆ.

ಇನ್ನೊಂದು ರೋಗ ಪ್ಯಾಕೆಟ್ಟಿನ ಗಾತ್ರದ್ದು. ಸಾಮಾನ್ಯ ಪ್ಯಾಕೆಟ್ಟು 1500 ಬೈಟು. ಬ್ರಾಡ್‌ಬ್ಯಾಂಡಿನ ಲಾಗಿನ್ 8 ಬೈಟು ತಿನ್ನುತ್ತದೆ, ವೈರ್‌ಗಾರ್ಡಿನ ಹೊದಿಕೆಗೆ 80 ಬೈಟು ಬಿಡಬೇಕು, ಉಳಿಯುವುದು 1412. ಇದನ್ನು ಹೊಂದಿಸದಿದ್ದರೆ ಪಿಂಗ್ ಹೋಗುತ್ತದೆ, ಟ್ಯಾಲಿ ತೆರೆಯುತ್ತದೆ, ಒಂದು ಉದ್ದದ ರಿಪೋರ್ಟು ಕೇಳಿದ ಕೂಡಲೇ ಪರದೆ ನಿಂತುಬಿಡುತ್ತದೆ. ಹೊಸಬರು ಇದಕ್ಕೆ ಕಂಪ್ಯೂಟರು ಬದಲಿಸುತ್ತಾರೆ. 4ಜಿ ದಾರಿಗೂ ಹೊಂದಲಿ ಎಂದು ನಾನು ಇನ್ನೂ ಇಳಿಸಿ 1280ಕ್ಕೆ ಇಡುತ್ತೇನೆ. ವೇಗ ತುಸು ಕಡಿಮೆಯಾದರೂ ಯಾವ ಲೈನಿನ ಮೇಲೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಬರೆದರೂ ಸಾಲದು ಎಂದು ಕಲಿಸಿದ್ದು ಲಕ್ಷ್ಮೇಶ್ವರ. ಅಲ್ಲಿಯ ಒಂದು ಅಡತಿ ಅಂಗಡಿಯಲ್ಲಿ ಒಂದು ಕಂಪನಿಯ ಫೈಬರು, ಬೇರೊಂದು ಕಂಪನಿಯ 4ಜಿ ಇದ್ದವು. ಗದಗ ಕಡೆಯ ರಸ್ತೆಯಲ್ಲಿ ಜೆಸಿಬಿ ಗಟಾರು ತೋಡುತ್ತಿತ್ತು. ಫೈಬರು ಕಡಿಯಿತು. ರೂಟರು 4ಜಿಗೆ ಹೊರಳಿತು. 4ಜಿಯಲ್ಲಿ ಸಿಗ್ನಲ್ಲಿನ ಕಡ್ಡಿಗಳು ತುಂಬಿದ್ದವು, ಇಂಟರ್‌ನೆಟ್ ಇರಲಿಲ್ಲ. ಟವರು ಅಂಗಡಿಯ ಹಿಂದೆಯೇ ಇತ್ತು, ಅದಕ್ಕೆ ಇಂಟರ್‌ನೆಟ್ ತರುವ ಫೈಬರು ಮಾತ್ರ ಅದೇ ರಸ್ತೆಯ ಅದೇ ಕಾಲುವೆಯಲ್ಲಿ ಬಂದಿತ್ತು. ಎರಡು ಕಂಪನಿ, ಎರಡು ಬಿಲ್ಲು, ದಾರಿ ಒಂದೇ. ಸ್ಪ್ಲೈಸ್ ಮಾಡುವ ಹುಡುಗ ತೆಗ್ಗಿನಲ್ಲಿ ಕೂತು, ಕೂದಲಿನಂಥ ಗಾಜಿನ ಎಳೆಗಳನ್ನು ಬಣ್ಣ ನೋಡಿ ಜೋಡಿಸುತ್ತ, “ಎಲ್ಲಾರದೂ ಇಲ್ಲೇ ಐತ್ರಿ ಅಣ್ಣಾರ” ಅಂದ. ಪವರ್ ಮೀಟರಿನಲ್ಲಿ ಮೈನಸ್ 27 ದಾಟಿದರೆ ಬೆಳಕು ಸಾಲುವುದಿಲ್ಲ ಎಂದು ಒಂದು ಜಾಯಿಂಟನ್ನು ಬಿಚ್ಚಿ ಮತ್ತೆ ಮಾಡಿದ. ಅವನ ಜೊತೆ ಆ ಸಂಜೆ ರಸ್ತೆಗುಂಟ ನಡೆದಾಗ ನನಗೆ ನಮ್ಮ ಮಣ್ಣಿನ ವಿಷಯವೂ ತಿಳಿಯಿತು. ಎರೆ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಒಳಗಿನ ಪೈಪು ಎಳೆದಾಡುತ್ತದೆ, ಮೇಲಿನ ಕಂಬ ವಾಲುತ್ತದೆ. ಮುಂಡರಗಿ ಕಡೆಯ ಮಸಾರಿಯಲ್ಲಿ ಈ ಕಾಟ ಕಡಿಮೆ, ಅಲ್ಲಿ ಕಷ್ಟ ಕಪ್ಪತಗುಡ್ಡದ್ದು. ಗದಗಿಗೂ ಮುಂಡರಗಿಗೂ ನಡುವೆ ಗುಡ್ಡದ ಸಾಲು ಅಡ್ಡ ನಿಂತಿರುವುದರಿಂದ ನೇರ ವೈರ್‌ಲೆಸ್ ಕಟ್ಟಲು ಆಗುವುದಿಲ್ಲ. 2019ರಿಂದ ಅದು ವನ್ಯಜೀವಿ ಧಾಮ. ಆಗಿದ್ದು ಸರಿಯೇ, ಅಲ್ಲಿ ಮನಸ್ಸಿಗೆ ಬಂದಲ್ಲಿ ಕಂಬ ನೆಡಬಾರದು.

ಗದಗಿನ ಅದೃಷ್ಟ ಇಲ್ಲಿ ಮತ್ತೆ ಕಾಣುತ್ತದೆ. 2000ದಲ್ಲಿ ಹುಟ್ಟಿದ ರೈಲ್‌ಟೆಲ್ ಹಳಿಯ ಗುಂಟ ಫೈಬರು ಎಳೆದಿದೆ. ಅದರ ರೈಲ್‌ವೈರ್ ಸಂಪರ್ಕವನ್ನು ಕೇಬಲ್ಲಿನವರೇ ಮನೆಮನೆಗೆ ಕೊಡುತ್ತಾರೆ. ಗದಗ–ಬೆಟಗೇರಿಯಲ್ಲಿ ರಸ್ತೆಯ ಫೈಬರೊಂದು, ಹಳಿಯ ಫೈಬರೊಂದು ತೆಗೆದುಕೊಂಡರೆ ಒಂದು ಜೆಸಿಬಿ ಎರಡನ್ನೂ ಕಡಿಯುವ ಭಯ ಬಹಳ ಕಡಿಮೆ. ಬರಗಾಲಕ್ಕೆಂದು ಹಾಕಿದ ಹಾದಿ ಇವತ್ತು ನಮ್ಮ ಬ್ಯಾಕಪ್ಪನ್ನು ಕಾಯುತ್ತಿದೆ. ಉಳಿದ ಮೂರು ಊರಿನಲ್ಲಿ ಹಾಗೆ ಆಯ್ದುಕೊಳ್ಳಲು ಹಳಿಯೇ ಇಲ್ಲ.

2020ರ ಲಾಕ್‌ಡೌನಿನಲ್ಲಿ ಇದರ ಬಿಸಿ ಅಂಗಡಿ ದಾಟಿ ಮನೆಗೆ ಬಂತು. ಬೆಂಗಳೂರಿನ ಕಂಪನಿಗಳಲ್ಲಿದ್ದ ಮಕ್ಕಳು ಶಿರಹಟ್ಟಿ, ಮುಂಡರಗಿಯ ಮನೆಗಳಿಗೆ ಲ್ಯಾಪ್‌ಟಾಪು ಹಿಡಿದು ಬಂದರು. ಮನೆಯಿಂದ ಕಚೇರಿಯ ವಿಪಿಎನ್ ಬಳಸಲು ಇದ್ದ ಬಿಗಿ ಷರತ್ತುಗಳನ್ನು ದೂರಸಂಪರ್ಕ ಇಲಾಖೆ ಆ ಮಾರ್ಚಿನಲ್ಲಿ ಸಡಿಲಿಸಿತು, ನವೆಂಬರಿನಲ್ಲಿ ನಿಯಮವನ್ನೇ ಹಗುರ ಮಾಡಿತು. ಎರಡು ಸಿಮ್ಮು ಹಾಕುವ ರೂಟರಿಗೆ ಆಗ ಬಂದಷ್ಟು ಬೇಡಿಕೆ ಮುಂಚೆ ಬಂದಿರಲಿಲ್ಲ. ವಿಪಿಎನ್ ಕಾನೂನಿಗೆ ವಿರುದ್ಧವಲ್ಲವೇ ಎಂದು ಈಗಲೂ ಹಲವರು ಹೆದರಿ ಕೇಳುತ್ತಾರೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್‌ನ 2022ರ ಏಪ್ರಿಲ್ 28ರ ಆದೇಶ ವಿಪಿಎನ್ ಸೇವೆ ಮಾರುವ ಕಂಪನಿಗಳಿಗೆ ಗ್ರಾಹಕರ ವಿವರವನ್ನು ಐದು ವರ್ಷ ಇಡಿ ಎನ್ನುತ್ತದೆ. ಒಂದು ಸಂಸ್ಥೆ ತನ್ನ ಶಾಖೆಗಳನ್ನು ತಾನೇ ಜೋಡಿಸಿಕೊಳ್ಳುವುದಕ್ಕೆ ಅದು ಅನ್ವಯಿಸುವುದಿಲ್ಲ.

ಈಗ ಹೊಸ ಕೆಲಸಕ್ಕೆ ಹೋದಾಗ ನಾನು ಮೊದಲು ರೂಟರಿನ ಪೆಟ್ಟಿಗೆ ಬಿಚ್ಚುವುದಿಲ್ಲ. ಎರಡೂ ಲೈನಿನ ಲೈನ್‌ಮನ್‌ಗಳನ್ನು ಕರೆಸಿ, ನಿಮ್ಮ ಕೇಬಲ್ಲು ಊರಿಗೆ ಯಾವ ರಸ್ತೆಯಿಂದ ಬಂತು ತೋರಿಸಿರಿ ಎನ್ನುತ್ತೇನೆ. ಲಕ್ಷ್ಮೇಶ್ವರದಲ್ಲಿ ಒಂದು ಗದಗ–ಮುಳಗುಂದ ಕಡೆಯಿಂದ ಬಂದರೆ ಇನ್ನೊಂದು ಬೇರೆ ದಿಕ್ಕಿನಿಂದ ಬಂದಿರಬೇಕು. ಸಿಗದಿದ್ದರೆ 4ಜಿಯ ಆಂಟೆನಾವನ್ನು ಮಾಳಿಗೆಯ ಮೇಲೆ ಕಟ್ಟಿ ಊರಾಚೆಯ ಬೇರೆ ಟವರಿನ ಕಡೆ ತಿರುಗಿಸುತ್ತೇನೆ, ಆ ಟವರಿನ ದಾರಿಯನ್ನೂ ಕೇಳಿ ತಿಳಿದುಕೊಂಡ ಮೇಲೆ. ಗದಗಿನಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ರೈಲು ಬೇಕೆಂಬ ಬೇಡಿಕೆ ಬಹಳ ವರ್ಷಗಳದು. ಅದಕ್ಕೆ ಸಹಿ ಮಾಡುವವರೆಲ್ಲ ಪ್ರಯಾಣಿಕರ ಹೆಸರಿನಲ್ಲಿ ಮಾಡುತ್ತಾರೆ. ಹಳಿಯ ಜೊತೆ ಫೈಬರೂ ಬರುತ್ತದೆ ಎಂಬ ಇನ್ನೊಂದು ಸಾಲನ್ನು ಆ ಮನವಿಯಲ್ಲಿ ಸೇರಿಸಬೇಕೆಂದು ನಾನು ಎಪಿಎಂಸಿಯ ವ್ಯಾಪಾರಸ್ಥರಿಗೆ ಹೇಳುತ್ತಿದ್ದೇನೆ.

ಅಷ್ಟರವರೆಗೆ ಮಾಡಬಹುದಾದ ಕೆಲಸ ಒಂದಿದೆ. ತೋಡುವ ಮುಂಚೆ ಆ ಜಾಗದ ಕೇಬಲ್ಲಿನವರಿಗೆ ತಿಳಿಸುವ ಆ್ಯಪ್ ಒಂದನ್ನು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ತಂದಿದೆ. ರಸ್ತೆ ಅಗೆಯಲು ಅನುಮತಿ ಕೊಡುವ ಕಚೇರಿಗಳು ಗುತ್ತಿಗೆದಾರನಿಗೆ ಅದನ್ನು ಕಡ್ಡಾಯ ಮಾಡಬೇಕು, ಯಾವ ರಸ್ತೆಯಲ್ಲಿ ಯಾರ ಪೈಪು ಯಾವ ಬದಿಗೆ ಎಷ್ಟು ಆಳದಲ್ಲಿದೆ ಎಂಬ ನಕ್ಷೆಯನ್ನು ನಾಲ್ಕೂ ಊರಿನಲ್ಲಿ ಇಡಬೇಕು. ಈಗ ಆ ನಕ್ಷೆ ಸ್ಪ್ಲೈಸ್ ಮಾಡುವ ಹುಡುಗರ ತಲೆಯಲ್ಲಿದೆ. ಅವರು ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗುವ ಮುಂಚೆ ಅವರನ್ನು ಕೂರಿಸಿ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಲಕ್ಷ್ಮೇಶ್ವರದ ಮಟ್ಟಿಗೆ ಆ ಕೆಲಸವನ್ನು ನಾವು ಕೆಲವರು ಕೂಡಿ ಶುರು ಮಾಡಿದ್ದೇವೆ. ಪೇಟೆಯಿಂದ ಮುಳಗುಂದ ರಸ್ತೆಯ ಕಡೆಗಿನ ಹಾಳೆ ತುಂಬಿದೆ, ಶಿರಹಟ್ಟಿ ಕಡೆಯದು ಅರ್ಧವಾಗಿದೆ.